ಮೆತ್ತನೆಯ ದಿಂಬು, ಬಾಗಿದ ಕತ್ತು

ಚಳಿಗಾಲದ ಒಂದು ಬೆಳಗಿನ ಜಾವ, ಬೀದಿಯ ದೀಪಗಳು ಇನ್ನೂ ಆರಿರದ ಹೊತ್ತಿನಲ್ಲಿ ಇದು ಶುರುವಾಯಿತು.

ಹಾಸಿಗೆ ಹೊಲಿಯುವವರ ಮನೆ. ಮುಂದೆ ಅಂಗಡಿ, ಹಿಂದೆ ಅಡುಗೆಮನೆ, ನಡುವೆ ಬಾಗಿಲಿಲ್ಲ. ಹತ್ತಿ ಹಿಂಜುವ ಯಂತ್ರದಿಂದ ಹಾರಿದ ಎಳೆ ಗೋಡೆಯ ಮೇಲೆ, ಗಡಿಯಾರದ ಮೇಲೆ, ಅಜ್ಜಿಯ ತಲೆಯ ಮೇಲೆ, ಎಲ್ಲೆಂದರಲ್ಲಿ ಕೂತಿರುತ್ತಿತ್ತು. ಆ ಮನೆಯ ಮಗಳು ಹೊದ್ದುಕೊಂಡಿದ್ದ ಶಾಲಿನ ಮೇಲೂ ಕೂತಿತ್ತು. ಚಹಾಕ್ಕೆ ನೀರಿಡೋಣವೆಂದು ಒಲೆ ಹಚ್ಚಿದಳು. ಕಡ್ಡಿ ಗೀರಿದ್ದಷ್ಟೇ ಅವಳಿಗೆ ನೆನಪು. ಶಾಲು ಭಗ್ಗೆಂದು ಹತ್ತಿಕೊಂಡಿತು. ಬೆಂಕಿ ಕುತ್ತಿಗೆಗೆ, ಗದ್ದಕ್ಕೆ ಏರಿತು.

ಅಪ್ಪ ಎದ್ದು ಓಡಿಬಂದು ಬಕೆಟ್ಟಿನ ನೀರು ಸುರಿದ. ಬೆಂಕಿ ಆರಿತು. ಅಲ್ಲಿಯವರೆಗೆ ಸರಿ. ಅಲ್ಲಿಂದ ಮುಂದೆ ಮಾಡಿದ್ದೆಲ್ಲ ತಪ್ಪು.

ಬೆಂಕಿ ಆರಿದ ಕೂಡಲೇ ಉರಿ ಆರುವುದಿಲ್ಲ. ಸುಟ್ಟ ಚರ್ಮದ ಒಳಗೆ ಶಾಖ ಇನ್ನೂ ಬೇಯಿಸುತ್ತಿರುತ್ತದೆ. ನಲ್ಲಿ ಬಿಟ್ಟು ಇಪ್ಪತ್ತು ನಿಮಿಷ ಹಾಗೇ ತಣ್ಣೀರು ಹರಿಸಬೇಕಿತ್ತು. ಅದರ ಬದಲು ಅಜ್ಜಿ ಟೂತ್‌ಪೇಸ್ಟ್ ತಂದು ಮೆತ್ತಿದಳು. "ಗಾಳಿ ತಾಕಬಾರದು" ಎಂದು ಅಪ್ಪ ಅದರ ಮೇಲೆ ಹಿಂಜಿದ ಹತ್ತಿ ಹರಡಿದ. ಅವನ ಕೈಗೆ ಗೊತ್ತಿದ್ದ ಮೆತ್ತನೆಯ ವಸ್ತು ಅದೊಂದೇ. ಪಾಪ, ಪ್ರೀತಿಯಿಂದಲೇ ಹರಡಿದ.

ದೊಡ್ಡಾಸ್ಪತ್ರೆಯಲ್ಲಿ ನರ್ಸು ಚಿಮುಟ ಹಿಡಿದು ಒಂದೊಂದೇ ಎಳೆ ಕೀಳುತ್ತಾ ಕೂತಳು. ಹುಡುಗಿ ಹಲ್ಲು ಕಚ್ಚಿದ್ದಳು.

"ಯಾರ್ರೀ ಇದನ್ನ ಅಂಟಿಸಿದ್ದು?"

"ಮೊದಲ್ನೇ ನಂಬರ್ ಹತ್ತಿ ಸಿಸ್ಟರ್," ಎಂದ ಅಪ್ಪ. "ಒಂಚೂರೂ ಕಲಬೆರಕೆ ಇಲ್ಲ."

"ಕಲಬೆರಕೆ ಇಲ್ಲ ಅಂತ ಗಾಯಕ್ಕೆ ಗೊತ್ತಾಗುತ್ತಾ? ಶುಭ್ರವಾದ ಬಟ್ಟೆ ಮೇಲಿಂದ ಮುಚ್ಕೊಂಡು ಬಂದಿದ್ರೆ ಸಾಕಿತ್ತು. ಈಗ ನೋಡಿ, ನಿಮ್ಮ ಮಗಳಿಗೆ ಎರಡೆರಡು ಸಲ ನೋವು."

ಗಾಯ ಆಳವಾಗಿದೆ, ತಾನಾಗಿ ಮಾಯುವುದು ಕಷ್ಟ, ಪ್ಲಾಸ್ಟಿಕ್ ಸರ್ಜರಿಯವರು ನೋಡಿ ಹೊಸ ಚರ್ಮ ಕೂರಿಸಬೇಕಾಗುತ್ತದೆ ಎಂದರು ಡಾಕ್ಟರು. ಅಪ್ಪನಿಗೆ ಪ್ಲಾಸ್ಟಿಕ್ ಎಂಬ ಮಾತು ಕೇಳಿದ್ದೇ ತಡ, ಕಿವಿ ಮುಚ್ಚಿಹೋಯಿತು.

"ಅದೆಲ್ಲ ಸಿನಿಮಾದವರು ಮೂಗು ತಿದ್ದಿಸ್ಕೊಳ್ಳೋಕೆ. ನಮಗ್ಯಾಕೆ? ಸುಟ್ಟಿರೋದು ಸಾಲ್ದು ಅಂತ ಇರೋ ಚರ್ಮಾನೂ ಕೀಳಿಸ್ಬೇಕಾ? ಮನೇಲೇ ಮಾಯುತ್ತೆ, ನಡಿ."

ಮುಂದಿನದಕ್ಕೆ ತಾನೇ ಹೊಣೆ ಎಂದು ಆಸ್ಪತ್ರೆಯವರಿಗೆ ಬರೆದುಕೊಟ್ಟು, ಮಗಳನ್ನು ಕರೆದುಕೊಂಡು ಹೊರಟ. ಬಾಗಿಲವರೆಗೂ ಬಂದ ನರ್ಸು ಒಂದೇ ಮಾತು ಮತ್ತೆ ಮತ್ತೆ ಹೇಳಿದಳು. "ದಿಂಬು ಕೊಡಬೇಡಿ. ಹೆಗಲ ಕೆಳಗೆ ಬಟ್ಟೆ ಸುರುಳಿ ಇಟ್ಟು ಗದ್ದ ಮೇಲಕ್ಕಿರೋ ಹಾಗೆ ಮಲಗಿಸಿ. ಇಲ್ದಿದ್ರೆ ಕತ್ತು ಹಾಗೇ ಅಂಟ್ಕೊಂಡು ಬಿಡುತ್ತೆ."

ಹೇಳಿದ್ದು ಯಾರಿಗೆ? ದಿಂಬು ಮಾಡಿ ಬದುಕುವವರಿಗೆ.

ಮನೆಗೆ ಬಂದ ಸಂಜೆಯೇ ಅಜ್ಜಿ ಕಣ್ಣೀರು ಹಾಕಿದಳು. ಹುಡುಗಿಯ ತಾಯಿ ಹೋದ ಮೇಲೆ ಅವಳನ್ನು ಸಾಕಿದವಳೇ ಅಜ್ಜಿ. "ಊರಿಗೆಲ್ಲ ದಿಂಬು ಹೊಲಿಯೋ ಮನೇಲಿ, ಮೈ ಸುಟ್ಕೊಂಡಿರೋ ಮಗು ಬರಿ ನೆಲಕ್ಕೆ ತಲೆ ಕೊಟ್ಟು ಮಲಗ್ಬೇಕೇನೋ? ನಿನ್ನ ಕೈ ಬಿದ್ದುಹೋಗಿದ್ಯಾ?"

ಅಪ್ಪ ಬೂರುಗದ ಹತ್ತಿ ತುಂಬಿ, ಹೂವಿನಂಥ ದಿಂಬೊಂದನ್ನು ಹೊಲಿದುಕೊಟ್ಟ. ಅಂಥ ದಿಂಬನ್ನು ಅವನು ಯಾವ ಗಿರಾಕಿಗೂ ಹೊಲಿದಿರಲಿಲ್ಲ. ಹುಡುಗಿಯೂ ಬೇಡವೆನ್ನಲಿಲ್ಲ. ಕತ್ತು ಬಗ್ಗಿಸಿ ಮಲಗಿದರೆ ಎಳೆತ ಕಡಿಮೆ, ನೋವು ಕಡಿಮೆ. ಅದೇ ಮೋಸ ನೋಡಿ. ಸುಟ್ಟಗಾಯಕ್ಕೆ ಯಾವ ಭಂಗಿ ಹಿತವೋ, ಆ ಭಂಗಿಯಲ್ಲೇ ಚರ್ಮ ಗಟ್ಟಿಯಾಗುತ್ತದೆ.

ಗಾಯ ಬಹಳ ನಿಧಾನವಾಗಿ ಮಾಯಿತು. ಮಾಯುತ್ತಾ ಮಾಯುತ್ತಾ ಬಿಗಿಯಿತು. ಮಳೆಗಾಲ ಬರುವ ಹೊತ್ತಿಗೆ ಗದ್ದ ಎದೆಯ ಹತ್ತಿರ ಇಳಿದಿತ್ತು. ಕೆಳತುಟಿ ಜಗ್ಗಿ, ನೀರು ಕುಡಿದರೆ ಅರ್ಧ ಅಂಗಿಯ ಮೇಲೆ. ಅವಳಿಗೆ ಕಾಣುತ್ತಿದ್ದುದು ಜನರ ಪಾದಗಳು ಮಾತ್ರ. ಸವೆದ ಹಿಮ್ಮಡಿ ಬಂದರೆ ಅಜ್ಜಿ, ಹೆಬ್ಬೆರಳಿಗೆ ಪಟ್ಟಿ ಸುತ್ತಿದ್ದರೆ ಅಪ್ಪ, ಹೊಳೆಯುವ ಬೂಟು ಬಂದರೆ ಗಿರಾಕಿ.

ಬೂಟುಗಳಿಗೆಲ್ಲ ಬಾಯಿ ಬೇರೆ ಇತ್ತು. ಒಂದು ಬೂಟು ಎಣ್ಣೆ ಹೇಳಿತು. ಇನ್ನೊಂದು ಲೇಪ ಹೇಳಿತು. ಮತ್ತೊಂದು, "ಹಣೇಲಿ ಬರೆದದ್ದು ತಪ್ಪುತ್ತಾ" ಎಂದು ನಿಟ್ಟುಸಿರು ಬಿಟ್ಟು, ಹಾಸಿಗೆಗೆ ರೇಟು ಕಡಿಮೆ ಮಾಡೆಂದು ಚೌಕಾಸಿಗೆ ನಿಂತಿತು. ಹಳೆಯ ಗಿರಾಕಿ ಮುದುಕರೊಬ್ಬರು ಎಲ್ಲರನ್ನೂ ಮೀರಿಸಿದರು.

"ಈಗ ನೋಡಪ್ಪ, ನಿನ್ನ ಮಗಳಿಗೆ ಎಷ್ಟು ವಿನಯ ಬಂದಿದೆ! ಮೊದಲು ತಲೆ ಎತ್ಕೊಂಡು ಗಾಡಿ ಓಡಿಸ್ತಿದ್ಲು."

"ತಾತ, ವಿನಯ ಅಲ್ಲ ಇದು. ಕತ್ತು ಏಳ್ತಿಲ್ಲ," ಎಂದಳು ಅವಳು ಅವರ ಚಪ್ಪಲಿಗೆ.

ಹೌದು, ಗಾಡಿ. ಅಂಗಡಿಯ ಮೂರು ಗಾಲಿಯ ಸಾಮಾನು ಗಾಡಿಯನ್ನು ಓಡಿಸುತ್ತಿದ್ದವಳು ಅವಳೇ. ಹಾಸಿಗೆ ಹೇರಿಕೊಂಡು, ಇಕ್ಕಟ್ಟಿನ ಸಂದುಗಳಲ್ಲಿ ಹಿಂದಕ್ಕೆ ತೆಗೆದು, ಮನೆಬಾಗಿಲಿಗೆ ಮುಟ್ಟಿಸುತ್ತಿದ್ದಳು. ಬೀದಿಯವರು ಅವಳನ್ನು 'ಡ್ರೈವರಮ್ಮ' ಎಂದೇ ಕರೆಯುತ್ತಿದ್ದರು. ಅವಳಿಗೆ ಬೇಕಿದ್ದುದು ಚಂದದ ಮುಖವಲ್ಲ, ಆ ಸೀಟು. ಕತ್ತು ತಿರುಗದೆ ಆ ಸೀಟಿಲ್ಲ. ಈ ಸಣ್ಣ ವಿಷಯ ಯಾರ ತಲೆಗೂ ಹೋಗುತ್ತಿರಲಿಲ್ಲ. ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದ್ದರೆ ಕೋಣವಾದರೂ ಕಿವಿ ಅಲ್ಲಾಡಿಸುತ್ತಿತ್ತು.

ಒಂದು ಮಧ್ಯಾಹ್ನ ಅಪ್ಪ ಊಟಕ್ಕೆ ಕೂತಾಗ ಅವಳು ರೋಸಿಹೋಗಿ ಗಾಡಿ ಹತ್ತಿದಳು. ಮುಂದೆ ನೋಡಲು ಸೊಂಟದಿಂದಲೇ ಹಿಂದಕ್ಕೆ ವಾಲಿದಳು. ಹಿಂದೆ ತೆಗೆಯುವಾಗ ಎಷ್ಟು ತಿಣುಕಿದರೂ ಕತ್ತು ಹೊರಳಲಿಲ್ಲ. ಅಂದಾಜಿನ ಮೇಲೆ ತೆಗೆದಳು. ಧಡ್ ಎಂದಿತು. ಅಂಗಡಿಯ ಮುಂದೆ ಒಟ್ಟಿದ್ದ ಹಾಸಿಗೆಗಳು ಉರುಳಿದವು. ಅವುಗಳ ನಡುವಿನಿಂದ ಅಜ್ಜಿ ಎದ್ದಳು. ಒಂದು ಗೇಣು ಆಚೀಚೆ ಆಗಿದ್ದರೆ ಏಳುತ್ತಿರಲಿಲ್ಲ.

"ಕೊಂದೇ ಬಿಡ್ತಿದ್ಯಲ್ಲೇ! ಕಣ್ಣಿಲ್ವೇನೇ ನಿಂಗೆ?"

"ಕಣ್ಣಿದೆ ಅಜ್ಜಿ! ಕತ್ತಿಲ್ಲ!"

ಅಷ್ಟು ಹೇಳಿ ಹುಡುಗಿ ಸ್ಟೇರಿಂಗಿನ ಮೇಲೆ ಕೈ ಹೊಡೆದುಕೊಂಡು ಅತ್ತಳು. ಸುಟ್ಟ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಸದ್ದು ಕೇಳಿ ಎದುರು ಮನೆಯ ಟಿಕೆಟ್ ಅಕ್ಕ ಓಡಿಬಂದಳು. ಬಸ್ ಕಂಡಕ್ಟರು. ಅವಳ ಖಾಕಿ ಅಂಗಿಯ ತೋಳು ಯಾವಾಗಲೂ ಮುಂಗೈವರೆಗೂ ಇಳಿದಿರುತ್ತಿತ್ತು. ಅಂದು ಅವಳು ತೋಳು ಮೇಲಕ್ಕೆ ಸರಿಸಿ ಕೈಯನ್ನು ಅಪ್ಪನ ಮೂಗಿನ ಮುಂದೆ ಹಿಡಿದಳು.

"ನೋಡಣ್ಣ. ಬಸ್ಸಿನ ರೇಡಿಯೇಟರ್ ಮುಚ್ಚಳ ತೆಗೆಯೋವಾಗ ಕುದಿಯೋ ನೀರು ಎರಚಿದ್ದು. ಮೊಣಕೈ ಹೀಗೆ ಮಡಚಿ ಕೂತಿತ್ತು. ಇದು ನನ್ನ ತೊಡೆ ಚರ್ಮ. ಪ್ಲಾಸ್ಟಿಕ್ ಸರ್ಜರಿಯವರು ಕೂರಿಸಿದ್ದು. ಮುಟ್ಟಿ ನೋಡು, ಬಕೆಟ್ಟಿನ ಪ್ಲಾಸ್ಟಿಕ್ ಇದ್ಯಾ ಅಂತ!"

ಅಪ್ಪ ಮುಟ್ಟಲಿಲ್ಲ. ನೋಡಿದ. ಬಣ್ಣ ಬೇರೆ, ಆದರೆ ಕೈ ನೆಟ್ಟಗೆ ಚಾಚುತ್ತಿತ್ತು.

"ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?"

"ಹೇಳಿದ್ನಲ್ಲ! ಮೂರು ಸಲ ಹೇಳಿದೆ. ನೀನು ಯಂತ್ರ ಶುರು ಮಾಡ್ದೆ."

"ಆದ್ರೂ... ಎಣ್ಣೆ ಹಚ್ಚಿ ದಿನಾ ಜಗ್ಗಿದ್ರೆ ಸಡಿಲ ಆಗಲ್ವಾ?"

ಹುಡುಗಿ ಕಣ್ಣು ಒರೆಸಿಕೊಂಡು ಕೆಳಗಿಳಿದಳು. "ಅಪ್ಪಾ, ನಿನ್ನ ಭಾಷೇಲೇ ಕೇಳ್ತೀನಿ. ಹಾಸಿಗೆ ಮೇಲಿನ ಬಟ್ಟೆ ಒಂದು ಗೇಣು ಸಾಲ್ದೆ ಬಂತು ಅನ್ಕೋ. ಎಳೆದು ಹೊಲಿದ್ರೆ ಏನಾಗುತ್ತೆ?"

"ಹಾಸಿಗೆ ಸುರುಳಿ ಸುತ್ಕೊಳ್ಳುತ್ತೆ."

"ಎಣ್ಣೆ ಹಚ್ಚಿ ಜಗ್ಗಿದ್ರೆ ಬಟ್ಟೆ ಬೆಳೆಯುತ್ತಾ?"

"ಬಟ್ಟೆ ಎಲ್ಲಾದ್ರೂ ಬೆಳೆಯುತ್ತಾ? ಹೊಲಿಗೆ ಬಿಚ್ಚಿ, ಪಟ್ಟಿ ಸೇರಿಸಿ..." ಅಪ್ಪ ಅಲ್ಲಿಗೇ ನಿಲ್ಲಿಸಿದ. ಮಗಳ ಕುತ್ತಿಗೆಯ ಬಿಗಿದ ಚರ್ಮವನ್ನು ಅವನು ಅಂದು ಮೊದಲ ಸಲ ಕಸುಬುದಾರನ ಕಣ್ಣಿನಿಂದ ನೋಡಿದ. ಆಮೇಲೆ ಅಂಗಡಿಯ ಬಾಗಿಲೆಳೆದು ಚಪ್ಪಲಿ ಮೆಟ್ಟಿದ.

ಪ್ಲಾಸ್ಟಿಕ್ ಸರ್ಜರಿಯ ಡಾಕ್ಟರು ನಡುವಯಸ್ಸಿನ ಹೆಂಗಸು. ಅವರಿಗೂ ಈ ಕಥೆ ಕೇಳಿ ಕೇಳಿ ಸಾಕಾಗಿತ್ತು ಅನ್ನಿಸುತ್ತದೆ. "ಮೊದಲೇ ಬಂದಿದ್ರೆ ಇಷ್ಟು ಬಿಗೀತಿರ್ಲಿಲ್ಲ. ಎಲ್ರೂ ಹೀಗೇ. ಬೆಂಕಿ ಬಿದ್ದ ಮೇಲೆ ಬಾವಿ ತೋಡ್ತೀರಿ, ಅದೂ ನಿಧಾನಕ್ಕೆ," ಎಂದರು. ಬಿಗಿದ ಚರ್ಮವನ್ನು ಬಿಡಿಸಿ, ಖಾಲಿ ಜಾಗಕ್ಕೆ ಅವಳದೇ ತೊಡೆಯ ಚರ್ಮ ಕೂರಿಸುವುದಾಗಿ ಹೇಳಿದರು.

"ತೊಡೆ ಚರ್ಮ ತೆಗೆದ್ರೆ ತೊಡೆ ಗತಿ ಏನು ತಾಯಿ?" ಎಂದಳು ಅಜ್ಜಿ.

"ಮೇಲಿನ ತೆಳು ಪದರ ಅಷ್ಟೇ ಅಜ್ಜಿ. ಮೊಣಕಾಲು ತರಚಿದ್ರೆ ಮಾಯಲ್ವಾ? ಹಾಗೇ ಮಾಯುತ್ತೆ."

"ಗುರುತು ಉಳಿಯುತ್ತಾ?" ಇದು ಅಪ್ಪ.

"ಉಳಿಯುತ್ತೆ. ಸುಳ್ಳು ಹೇಳಲ್ಲ. ಮೊದಲಿನ ಕುತ್ತಿಗೆ ಬರಲ್ಲ. ತಿರುಗೋ ಕುತ್ತಿಗೆ ಬರುತ್ತೆ. ಅದೂ ಅರ್ಧ ಕೆಲಸ ನಂದು, ಅರ್ಧ ನಿಮ್ಮ ಮನೇದು. ಕುತ್ತಿಗೆಗೆ ಪಟ್ಟಿ ಕೊಡ್ತೀವಿ, ತಿಂಗಳುಗಟ್ಟಲೆ ಹಾಕ್ಬೇಕು. ದಿನಾ ವ್ಯಾಯಾಮ. ಬಿಟ್ರೆ ಮತ್ತೆ ಬಿಗಿಯುತ್ತೆ."

"ತಿರುಗಿದ್ರೆ ಸಾಕು," ಎಂದಳು ಹುಡುಗಿ ಡಾಕ್ಟರ ಪಾದಕ್ಕೆ. ಡಾಕ್ಟರು ಕುರ್ಚಿಯಿಂದ ಇಳಿದು, ಮಂಡಿಯೂರಿ ಅವಳ ಮುಖ ನೋಡಿದರು. "ನನ್ನ ಮುಖಕ್ಕೇ ಹೇಳು," ಎಂದರು.

ಆಪರೇಷನ್ ಆಯಿತು. ನೋವಿರಲಿಲ್ಲವೆಂದರೆ ಸುಳ್ಳು. ಕುತ್ತಿಗೆಗಿಂತ ತೊಡೆಯೇ ಹೆಚ್ಚು ಉರಿಯಿತು. ಮನೆಗೆ ಬಂದ ಮೇಲೆ ಅಜ್ಜಿಯದು ಮತ್ತೆ ಅದೇ ರಾಗ. "ಸಣ್ಣದೊಂದು ದಿಂಬು ಕಣೋ, ಇಷ್ಟೇ ಇಷ್ಟು..."

ಅಪ್ಪ ಅವಳ ಕೈಯಿಂದ ದಿಂಬು ಕಸಿದು, ಆಗ ತಾನೇ ಬಂದ ಗಿರಾಕಿಗೆ ಮಾರಿಬಿಟ್ಟ. ಅಜ್ಜಿ ಇಡೀ ದಿನ ಮುನಿಸಿಕೊಂಡಳು. ಮರುದಿನದಿಂದ ಅವಳೇ ಮೊಮ್ಮಗಳ ಮುಂದೆ ಕೂತು, "ಎತ್ತೇ ಗದ್ದ. ಇನ್ನೂ. ಸೋಮಾರಿ, ಇನ್ನೂ," ಎಂದು ವ್ಯಾಯಾಮ ಮಾಡಿಸತೊಡಗಿದಳು. ಹೊಸ ಅಜ್ಜಿ ಹಳೆಯ ಅಜ್ಜಿಗಿಂತ ಹೆಚ್ಚು ಕಾಟ ಕೊಟ್ಟಳು.

ಕತ್ತು ಪೂರ್ತಿ ಬಂದಿಲ್ಲ. ಎಡಕ್ಕೆ ಚೆನ್ನಾಗಿ ತಿರುಗುತ್ತದೆ, ಬಲಕ್ಕೆ ಸ್ವಲ್ಪ ತಡೆಯುತ್ತದೆ. ಇನ್ನೊಂದು ಸಣ್ಣ ಆಪರೇಷನ್ ಬೇಕಾಗಬಹುದು ಎಂದಿದ್ದಾರೆ. ಬೇಕಾದರೆ ಮಾಡಿಸುತ್ತಾರೆ. ಗಾಡಿಗೆ ಅವಳು ದೊಡ್ಡ ಕನ್ನಡಿ ಹಾಕಿಸಿಕೊಂಡಿದ್ದಾಳೆ. ಮೊದಲು ಖಾಲಿ ಮೈದಾನದಲ್ಲಿ ಓಡಿಸಿ ನೋಡಿದಳು. ಡಾಕ್ಟರು ಸರಿ ಎಂದ ಮೇಲೆಯೇ ಬೀದಿಗೆ ತಂದಳು.

ಮೊನ್ನೆ ಪಕ್ಕದ ಬೇಕರಿಯವನು ಕಾದ ತಟ್ಟೆಯನ್ನು ಬರಿಗೈಯಲ್ಲಿ ಹಿಡಿದುಬಿಟ್ಟ. ಅಂಗೈ ಬೆಳ್ಳಗಾಯಿತು. ಬೆಣ್ಣೆಯ ಡಬ್ಬಿಗೆ ಕೈ ಹಾಕುವಷ್ಟರಲ್ಲಿ ಹಾಸಿಗೆಯವನು ನುಗ್ಗಿ, ಅವನ ಕೈಯನ್ನು ನಲ್ಲಿಯ ಕೆಳಗೆ ಒತ್ತಿ ಹಿಡಿದ.

"ಬಿಡೋ ಮಾರಾಯ, ಒಲೆ ಮೇಲೆ ಮಾಲಿದೆ!"

"ಮಾಲು ಸುಟ್ರೆ ಇನ್ನೊಂದು ಮಾಡ್ಬಹುದು. ಇಪ್ಪತ್ತು ನಿಮಿಷ ಆಗೋವರೆಗೂ ಬಿಡಲ್ಲ. ಉಂಗುರ ತೆಗಿ ಮೊದ್ಲು, ಬೆರಳು ಊದುತ್ತೆ."

"ಸರಿ, ಸೋಮವಾರ ಆಸ್ಪತ್ರೆಗೆ ತೋರಿಸ್ತೀನಿ ಬಿಡು."

"ಸೋಮವಾರ!" ಹಾಸಿಗೆಯವನು ಹಣೆ ಚಚ್ಚಿಕೊಂಡ. ಒಂದು ಕಾಲದಲ್ಲಿ ತಾನು ಎಲ್ಲರಿಗೂ ಹೇಗೆ ತಲೆ ಚಿಟ್ಟು ಹಿಡಿಸಿದ್ದೆ ಎಂಬುದು ಆಗ ಅವನಿಗೆ ಅರ್ಥವಾಗಿರಬೇಕು.

ಓದುತ್ತಿರುವ ಅಕ್ಕ, ಅಣ್ಣ, ತಂಗಿ, ನಿಮಗೂ ಇದೇ ಮಾತು. ಯಾರಾದರೂ ಸುಟ್ಟುಕೊಂಡರೆ ಹರಿಯುವ ತಣ್ಣೀರು ಹಾಕಿ, ಇಪ್ಪತ್ತು ನಿಮಿಷ. ಮಂಜುಗಡ್ಡೆ ಬೇಡ. ಪೇಸ್ಟು, ಶಾಯಿ, ಎಣ್ಣೆ, ಬೆಣ್ಣೆ, ಹತ್ತಿ ಯಾವುದೂ ಬೇಡ. ಗುಳ್ಳೆ ಒಡೆಯಬೇಡಿ. ಅಂಟಿಕೊಂಡ ಬಟ್ಟೆ ಕೀಳಬೇಡಿ. ಶುಭ್ರವಾದ ಬಟ್ಟೆ ಮುಚ್ಚಿ, ಬೇಗ ಆಸ್ಪತ್ರೆಗೆ ಹೋಗಿ. ಮುಖ, ಕುತ್ತಿಗೆ, ಕೈ, ಕೀಲು ಸುಟ್ಟಿದ್ದರೆ, ಗಾಯ ಎರಡು ಮೂರು ವಾರಕ್ಕೂ ಮಾಯದಿದ್ದರೆ, ಪ್ಲಾಸ್ಟಿಕ್ ಸರ್ಜರಿಯವರನ್ನು ಕಾಣಬೇಕೇ ಎಂದು ನೀವೇ ಬಾಯಿಬಿಟ್ಟು ಕೇಳಿ. ಖರ್ಚಿಗೆ ಹೆದರಿ ಮನೆಯಲ್ಲಿ ಕೂರಬೇಡಿ, ಅದನ್ನೂ ಆಸ್ಪತ್ರೆಯಲ್ಲೇ ವಿಚಾರಿಸಿ. ಹಳೆಯ ಗಾಯದಿಂದ ಕೈಕಾಲು ಮಡಚಿಕೊಂಡವರು ನಿಮ್ಮ ಮನೆಯಲ್ಲಿದ್ದರೆ ಅವರನ್ನೂ ಕರೆದೊಯ್ಯಿರಿ. ತಡವಾಗಿದೆ ಎಂದು ತೀರ್ಮಾನಿಸಬೇಕಾದವರು ಡಾಕ್ಟರು, ನೀವಲ್ಲ, ನಾನಲ್ಲ, ಬೂಟು ಹಾಕಿದ ಗಿರಾಕಿಯೂ ಅಲ್ಲ.

ಬೇಕರಿಯವನು ಸೋಮವಾರದವರೆಗೆ ಕಾಯಲಿಲ್ಲ. ಒದ್ದೆ ಕೈಗೆ ಶುಭ್ರವಾದ ಬಟ್ಟೆ ಮುಚ್ಚಿಕೊಂಡು, ಗೊಣಗುತ್ತಾ, ಡ್ರೈವರಮ್ಮನ ಪಕ್ಕದಲ್ಲಿ ಕೂತು ದೊಡ್ಡಾಸ್ಪತ್ರೆಗೆ ಹೊರಟ. ಅಂದು ಶುಕ್ರವಾರ.