ಎರಡನೆಯ ತಟ್ಟೆ

ಬಟ್ಟೆ ಹೊಲಿಯುವ ಅಕ್ಕನಿಗೆ ಸಕ್ಕರೆ ಕಾಯಿಲೆ ಗಂಟುಬಿದ್ದಾಗ, ಮಹಡಿಯ ಮೇಲಿದ್ದ ನರ್ಸಮ್ಮ ಅವಳ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದಳು. ಉಣ್ಣುವ ಮುಂಚೆ ತಟ್ಟೆಯ ಫೋಟೋ ತೆಗೆದರೆ ಸಾಕು. ಊಟ ಹಿತಮಿತವಾಗಿದ್ದರೆ ಹಸಿರು ಗುರುತು, ಹೆಚ್ಚಾದರೆ ಕೆಂಪು. ಅದೇ ಫೋಟೋ ದೂರದ ಊರಿನ ತಂಗಿಗೂ ಹೋಗುತ್ತಿತ್ತು. ಮಧ್ಯಾಹ್ನ ಕತ್ತರಿ ಬದಿಗಿಟ್ಟು, ಅಕ್ಕ ಮತ್ತು ನರ್ಸಮ್ಮ ಅಂಗಡಿಯ ಮೇಜಿಗೇ ಎದುರುಬದುರು ಕೂತು ಉಣ್ಣುತ್ತಿದ್ದರು. ನರ್ಸಮ್ಮನ ಬಾಯಿಗೆ ಬೀಗವಿರಲಿಲ್ಲ. ಅಕ್ಕ ಬೈಯುತ್ತಲೇ ಕೇಳುತ್ತಿದ್ದಳು; ಬೈದಷ್ಟೂ ನರ್ಸಮ್ಮ ನಗುತ್ತಿದ್ದಳು.

ಆಮೇಲೆ ನರ್ಸಮ್ಮನಿಗೆ ಬೇರೆ ಊರಿಗೆ ವರ್ಗವಾಯಿತು. ಅಕ್ಕ ಅದನ್ನು ತಂಗಿಗೆ ಹೇಳಲಿಲ್ಲ. ಹೇಳಿದರೆ "ಅಂಗಡಿ ಮುಚ್ಚಿ ನಮ್ಮನೆಗೆ ಬಾ" ಎಂದು ಅವಳು ದುಂಬಾಲು ಬೀಳುವುದು ಖಾತ್ರಿ. ಮೂವತ್ತು ವರ್ಷ ತುಳಿದ ಮಿಷನ್ನು ಬಿಟ್ಟು ಇನ್ನೊಬ್ಬರ ಮನೆಯ ಮೂಲೆ ಸೇರುವುದೇ? ಅದಕ್ಕೇ, ನರ್ಸಮ್ಮ ಇನ್ನೂ ಜೊತೆಗಿದ್ದಾಳೆಂದು ತಂಗಿ ನಂಬಲಿ ಎಂದು, ದಿನವೂ ಎರಡು ತಟ್ಟೆ ಬಡಿಸಿ, ಎರಡೂ ಕಾಣುವಂತೆ ಫೋಟೋ ತೆಗೆಯತೊಡಗಿದಳು. ಅಳತೆಯಲ್ಲಿ ಅರ್ಧ ಅಂಗುಲ ತಪ್ಪದ ಹೆಂಗಸು ಇಲ್ಲಿ ಎಡವಿದಳು. ಆ್ಯಪ್‌ಗೇನು ಗೊತ್ತು ಪಾಪ, ಎರಡು ತಟ್ಟೆಯ ಅನ್ನವನ್ನೂ ಅವಳ ಹೊಟ್ಟೆಗೇ ಸೇರಿಸಿ ದಿನಾ ಕೆಂಪು ಗುರುತು ಹಾಕಿತು. ಒಂದು ಹೊತ್ತಿಗೆ ತಿನ್ನುವುದು ಒಂದೇ ತಟ್ಟೆಯಲ್ಲವೇ ಎಂದು ಅಕ್ಕ ಅದನ್ನು ಕ್ಯಾರೇ ಅನ್ನಲಿಲ್ಲ.

ಹದಿನೈದು ದಿನ ಕಳೆದ ಮೇಲೆ, ಊಟದ ಹೊತ್ತಿಗೇ ತಂಗಿಯ ಫೋನ್ ಬಂತು.

"ಏನಕ್ಕಾ, ಇಷ್ಟೊಂದು ತಿಂತಿದೀಯಾ? ಬರೀ ಕೆಂಪು!"

"ಅಯ್ಯೋ, ಒಂದು ತಟ್ಟೆ ನರ್ಸಮ್ಮಂದು ಕಣೇ."

"ಹಾಗಾದ್ರೆ ಅವ್ರಿಗೆ ಫೋನ್ ಕೊಡು."

"ಕೈ ತೊಳೀತಿದಾಳೆ."

"ಅಕ್ಕಾ, ಗಾಬರಿಯಾಗಿ ನಾನು ಮೊದ್ಲು ಅವ್ರಿಗೇ ಫೋನ್ ಮಾಡಿದ್ದೆ. ಬೇರೆ ಊರಲ್ಲಿದಾರಂತೆ."

ಅಕ್ಕ ನಾಚಿ, ಎದುರಿನ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ಮತ್ತೆ ಆ ಇನ್ನೊಂದು ತಟ್ಟೆ ಯಾರು ತಿಂತಾರೆ?"

"ನಾನೇ. ಸಂಜೆಗೆ."

ಆಚೆಯಿಂದ ಮೂಗೆಳೆದುಕೊಂಡ ಸದ್ದು ಕೇಳಿಸಿತು. "ಅಂಗಡಿ ಮುಚ್ಚಿಸ್ತೀನಿ ಅಂತ ಹೆದರಿ ತಾನೇ ಹೀಗೆ ಮಾಡಿದ್ದು? ಇನ್ಯಾವತ್ತೂ ಹಾಗೆ ಅನ್ನಲ್ಲ. ಸುಳ್ಳು ಮಾತ್ರ ಹೇಳ್ಬೇಡಕ್ಕಾ."

ಅಂಗಡಿ ಉಳಿಯಿತು. ಅಕ್ಕನಿಗೆ ಬೇಕಿದ್ದದ್ದೂ ಅದೇ. ಮರುದಿನ ಒಂದೇ ತಟ್ಟೆ ಬಡಿಸಿದಳು. ನರ್ಸಮ್ಮ ಕೂರುತ್ತಿದ್ದ ಸ್ಟೂಲು ಖಾಲಿ ಕಾಣದಿರಲೆಂದು ಅದರ ಮೇಲೆ ಹೊಲಿಯದ ಬಟ್ಟೆಗಳ ಗಂಟಿಟ್ಟು, ಫೋಟೋ ತೆಗೆದಳು. ಹಸಿರು ಗುರುತು ಮೂಡಿತು. ಅದರ ಕೆಳಗೆ, "ಶಭಾಷ್! ಇವತ್ತಿನ ಊಟ ಸರಿಯಾಗಿದೆ."

"ಏನು ಸರಿ, ನಿನ್ನ ತಲೆ!" ಎಂದು ಅಕ್ಕ ಮೊಬೈಲಿಗೆ ಬೈದಳು.

ಬೈದರೆ ನಗುತ್ತಿದ್ದವಳು ಎದುರಿಗಿರಲಿಲ್ಲ.