ಮುಕ್ಕುಂದದ ದಿಬ್ಬ

ಮದುವೆಯಾದ ಹೊಸತರಲ್ಲಿ ಬೀರಲಿಂಗ, ಯಮನಮ್ಮ ಪಾಮನಕಲ್ಲೂರಿನಿಂದ ಕುರಿ ಹೊಡೆದುಕೊಂಡು ಮುಕ್ಕುಂದದ ಕಡೆ ಹೋಗಿದ್ದರು. ಅಲ್ಲಿ ಅವರ ಮೊದಲ ಕೂಸು, ಹೆಸರಿಡುವ ಮೊದಲೇ, ಜ್ವರ ಬಂದು ತೀರಿಕೊಂಡಿತು. ಬಾಣಂತಿ ಹೆಂಡತಿಯನ್ನು ಗುಡಾರದಲ್ಲೇ ಬಿಟ್ಟು ಬೀರಲಿಂಗ ಒಬ್ಬನೇ ಹಳ್ಳದ ಪಕ್ಕದ ದಿಬ್ಬದ ಮೇಲೆ ಮಣ್ಣು ಮಾಡಿ ಬಂದ. ಆ ಜಾಗವನ್ನು ಯಮನಮ್ಮ ನೋಡಲೇ ಇಲ್ಲ.

ಈಗ ಅವಳಿಗೆ ವಯಸ್ಸಾಗಿದೆ. "ಒಮ್ಮೆ ಅಲ್ಲಿಗೆ ಕರ್ಕೊಂಡು ಹೋಗು" ಎಂದು ಹಿಡಿದ ಹಟ ಬಿಡಲಿಲ್ಲ. ಬೀರಲಿಂಗ ಹೋಗಿ ಹುಡುಕಿದ. ಎತ್ತ ನೋಡಿದರೂ ಭತ್ತದ ಗದ್ದೆ, ದಿಬ್ಬ ಸಿಗಲಿಲ್ಲ.

ಅವರ ಮಗಳು ಸುಕನ್ಯಾ ಮಸ್ಕಿಯ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಾಳೆ. ಅವಳು ಆ ಭಾಗದ ಹಳೆಯ ಸರ್ವೆ ನಕ್ಷೆಯೊಂದನ್ನು ಹುಡುಕಿ ತಂದಳು. ಅದರಲ್ಲಿ ಹಳ್ಳದ ನೀಲಿ ಗೆರೆ, ಮಗ್ಗುಲಲ್ಲೇ ಒಂದರೊಳಗೊಂದು ಕಂದು ಸುತ್ತುಗಳು.

"ಇವು ಎತ್ತರದ ಜಾಗ ತೋರಿಸ್ತಾವಪ್ಪಾ."

ಬೀರಲಿಂಗ ಬಗ್ಗಿ, ನೀಲಿ ಗೆರೆ ತಿರುಗುವಲ್ಲಿ ಬೆರಳಿಟ್ಟ. "ಹಳ್ಳ ಇಲ್ಲೇ ಹೊಳ್ಳತಿತ್ತು. ಇದೇ ನೋಡವ್ವ ಆ ದಿಬ್ಬ."

ನಕ್ಷೆಯನ್ನು ಮೊಬೈಲಿಗೆ ಹಾಕಿಕೊಂಡು ಮೂವರೂ ನಾಟಿಯ ಹೊತ್ತಿಗೆ ಮುಕ್ಕುಂದಕ್ಕೆ ಹೋದರು. ಒಂದು ಬದುವಿನ ಮೇಲೆ ಸುಕನ್ಯಾ ನಿಂತಳು.

"ಇಲ್ಲೇ, ಅವ್ವಾ."

ಎದುರಿಗೆ ಬರೀ ಕೆಸರುನೀರು.

"ದಿಬ್ಬ ಎಲ್ಲೈತಿ?"

"ಕಡಿದು ಸಮ ಮಾಡ್ಯಾರ. ಮಣ್ಣು ಗದ್ದಿಗೆಲ್ಲಾ ಹರಡ್ಯಾರ."

"ಹಂಗಾದ್ರ ನನ್ನ ಕೂಸು ಎಲ್ಲೈತಿ?"

ಸುಕನ್ಯಾ ಮೊಬೈಲು ಕೆಳಗಿಳಿಸಿದಳು. ಸಸಿ ಹಚ್ಚುತ್ತಿದ್ದ ಶೇಖರಮ್ಮ ಎಂಬಾಕೆ ಮಾತು ಕೇಳಿಸಿಕೊಂಡು ಹತ್ತಿರ ಬಂದಳು. ವಿಷಯ ತಿಳಿದು, "ಸಾವ್ಕಾರಗ ನಾವು ಹೇಳ್ತೀವಬೇ. ಇಲ್ಲಿ ಇಷ್ಟು ಜಾಗ ಬಿಡ್ತೀವಿ, ಸಸಿ ಹಚ್ಚಂಗಿಲ್ಲ" ಎಂದಳು.

ಯಮನಮ್ಮ ತಲೆಯಾಡಿಸಿದಳು. "ಬ್ಯಾಡವ್ವ. ಅಷ್ಟೇ ಖಾಲಿ ಬಿಟ್ರ ಕೂಸಿಗೆ ಬ್ಯಾಸರಾಕೈತಿ. ಹಚ್ಚಿಬಿಡ್ರಿ."

ಸೀರೆ ಎತ್ತಿಕಟ್ಟಿ ತಾನೇ ಕೆಸರಿಗಿಳಿದಳು. ಶೇಖರಮ್ಮನ ಕೈಯಿಂದ ಸಸಿ ಇಸಿದುಕೊಂಡು ಊರಿದಳು. ಆಮೇಲೆ ಅಂಗೈಯನ್ನು ಕೆಸರಿನೊಳಗೇ ಇಟ್ಟುಕೊಂಡು ಬಹಳ ಹೊತ್ತು ಬಾಗಿ ನಿಂತಿದ್ದಳು.

ಬೀರಲಿಂಗ ಬದುವಿನ ಮೇಲೆ ಕುಸಿದು ಕೂತಿದ್ದ. ಯಮನಮ್ಮ ಬಂದು ಪಕ್ಕದಲ್ಲಿ ಕೂತಳು. ಮಗುವಿನ ಮುಖವನ್ನು ಕೊನೆಗೊಮ್ಮೆ ತೋರಿಸದೆ ಒಯ್ದನೆಂದು ಇಷ್ಟು ವರ್ಷ ಅವನ ಮೇಲೆ ಅವಳಿಗೆ ಒಳಗೊಳಗೇ ಸಿಟ್ಟಿತ್ತು.

"ಅವತ್ತು ನೀ ಒಬ್ಬನೇ ಹೆಂಗ ಹೊತ್ಕೊಂಡು ಬಂದಿ?" ಎಂದು ಕೇಳಿದಳು.

ಬೀರಲಿಂಗ ಟವೆಲಿನಿಂದ ಮುಖ ಮುಚ್ಚಿಕೊಂಡ.

"ಹಗೂರಿತ್ತು" ಎಂದ. "ಬಾಳ ಹಗೂರಿತ್ತು."