ಸತ್ತವನಿಗೆ ಎರಡು ಚಮಚ ಸಕ್ಕರೆ

ಹನ್ನೊಂದು ಸಿನಿಮಾಗಳಲ್ಲಿ ಮನೆಗೆಲಸದವಳಾಗಿ ಟ್ರೇ ಹಿಡಿದು ಬಂದಿದ್ದೇನೆ, ಟ್ರೇ ಹಿಡಿದು ಹೋಗಿದ್ದೇನೆ. ಮಾತು? ಒಂದೂ ಇಲ್ಲ. ಹನ್ನೆರಡನೆಯದರಲ್ಲಿ ನಿರ್ದೇಶಕ ಹಾಬ್‌ಡೇ, ಪುಣ್ಯಾತ್ಮ, ನನ್ನನ್ನೇ ಕೊಲೆಗಾರ್ತಿ ಮಾಡಿದರು. ಕೊನೆಯ ದೃಶ್ಯದಲ್ಲಿ ಯಜಮಾನನ ಹೆಣದ ಪಕ್ಕ ನಿಂತು, "ಹೌದು, ಕೊಂದವಳು ನಾನೇ" ಅನ್ನಬೇಕು. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ ಅದೇ ಜಪ. ಬಸ್ಸಿನಲ್ಲಿ ಪಕ್ಕದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ನಮ್ಮ ಸ್ಟುಡಿಯೋ ಅಂದರೆ ಲಂಡನ್ ಹೊರಗಿನ ಹಳೆ ಬಿಸ್ಕತ್ತು ಕಾರ್ಖಾನೆ. ಸಿನಿಮಾದ ಯಜಮಾನನ ಬಂಗಲೆಯೂ ಅಲ್ಲೇ, ಅದರ ಗೋಡೆಗಳೆಲ್ಲ ಬಟ್ಟೆಯವು. ಬಾಗಿಲು ಜೋರಾಗಿ ಹಾಕಿದರೆ ಅವನ ಪೂರ್ವಜರ ಪಟಗಳೆಲ್ಲ ತಲೆಯಾಡಿಸುತ್ತವೆ. ರಕ್ತಕ್ಕೆ ಚಾಕೊಲೆಟ್ ಸಾಸ್. ಕಪ್ಪು ಬಿಳುಪಿನಲ್ಲಿ ಯಾರಿಗೆ ಗೊತ್ತಾಗುತ್ತದೆ? ಹೆಣದ ಪಾತ್ರದ ಲಮ್ಲಿ ಮಾತ್ರ ಅದನ್ನು ನೆಕ್ಕಿ ನೆಕ್ಕಿ ಬೈಸಿಕೊಳ್ಳುತ್ತಿದ್ದ.

ಕೊನೆಯ ದಿನ ಒಂದು ಗೋಡೆ ಬಿದ್ದು ಮಧ್ಯಾಹ್ನವೆಲ್ಲ ಹಾಳಾಯಿತು. ಹಾಬ್‌ಡೇ ನನ್ನನ್ನು ಕರೆದರು.

"ನೋಡಮ್ಮ ವಿನ್ನಿ, ಉಳಿದಿರೋದು ಇಷ್ಟೇ ಫಿಲ್ಮು. ಒಂದೇ ಸಲ ತೆಗೆಯೋದು. ಕೆಟ್ಟೋಯ್ತೋ, ಕೊಲೇನ ಬಟ್ಲರ್ ತಲೆಗೆ ಕಟ್ಬಿಡ್ತೀನಿ."

"ಅಯ್ಯೋ, ಎಲ್ಲಾ ಸಿನಿಮಾದಲ್ಲೂ ಅವನೇ ಅಲ್ವಾ ಸಾರ್ ಕೊಲ್ಲೋದು!"

"ಅದಕ್ಕೇ ಸುಲಭ."

ಕ್ಯಾಮೆರಾ ಓಡಿತು. ಇನ್‌ಸ್ಪೆಕ್ಟರ್ ಪಾತ್ರದ ಗಾರ್ನಮ್ ಪೈಪು ಕಚ್ಚಿಕೊಂಡು ಒಬ್ಬೊಬ್ಬರ ಮುಖ ನೋಡುತ್ತಾ ಬಂದು ನನ್ನೆದುರು ನಿಂತ. ನಾನು ಬಾಯಿ ತೆರೆದೆ.

ಟಿಣ್ ಟಿಣ್ ಟಿಣ್!

ನಾಲ್ಕು ಗಂಟೆಯ ಚಹಾ ಗಾಡಿ. ಅದನ್ನು ತಳ್ಳುವ ಅಡಾ ಎಂಬಾಕೆ ಯುದ್ಧದಲ್ಲಿ ಬಾಂಬು ಬೀಳುವಾಗಲೂ ಗಾಡಿ ನಿಲ್ಲಿಸಿದವಳಲ್ಲ, ನಮಗಾಗಿ ನಿಲ್ಲಿಸುತ್ತಾಳೆಯೇ? ಆ ಗಂಟೆ ಕೇಳಿದ ಮೇಲೆ ನಮ್ಮ ಜನ ಕೆಲಸ ಮಾಡುವುದುಂಟೇ? ಬಟ್ಲರ್ ಕತ್ತು ಬಾಗಿಲ ಕಡೆ ತಿರುಗಿತು. ಹೆಣ ಎದ್ದು ಕೂತಿತು.

"ನಂಗೆ ಎರಡು ಚಮಚ ಸಕ್ಕರೆ ಕಣಮ್ಮ."

ಹಾಬ್‌ಡೇ ತಲೆ ಹಿಡಿದುಕೊಂಡರು. ಫಿಲ್ಮು ಓಡುತ್ತಲೇ ಇತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಹನ್ನೊಂದು ಸಿನಿಮಾ ಬಾಯಿ ಮುಚ್ಚಿಕೊಂಡಿದ್ದು ಈ ಹೊಟ್ಟೆಬಾಕನ ಸಕ್ಕರೆಗಾಗಿಯೇ? ಟ್ರೇ ಎತ್ತಿ ಅವನ ಬೋಳುತಲೆಗೆ ಬಾರಿಸಿಯೇಬಿಟ್ಟೆ. ನಕಲಿ ಟ್ರೇಗೆ ನಮ್ಮಲ್ಲಿ ದುಡ್ಡೆಲ್ಲಿ? ಅಸಲಿ ತಗಡು.

"ಥೂ! ಒಂದ್ಸಲ ಕೊಂದ್ರೆ ಸಾಯಕ್ಕಾಗಲ್ವಾ ನಿಮಗೆ? ಎಷ್ಟು ಸಲ ಅಂತ ಕೊಲ್ಲಲಿ ನಾನು!"

ಲಮ್ಲಿ ಈ ಸಲ ಬಹಳ ಚೆನ್ನಾಗಿ ಸತ್ತ. ಗಾರ್ನಮ್ ಬಾಯಿಂದ ಪೈಪು ಬಿತ್ತು, ಆದರೂ ನನ್ನ ತೋಳು ಹಿಡಿದು, "ಇನ್ನೂ ಸಾಕ್ಷಿ ಬೇಕೇನ್ರಿ?" ಎಂದ. ಅಷ್ಟರಲ್ಲಿ ಫಿಲ್ಮು ಮುಗಿಯಿತು. ಹಾಬ್‌ಡೇ ತೆಗೆದದ್ದನ್ನು ಹಾಗೇ ಸಿನಿಮಾಕ್ಕೆ ಸೇರಿಸಿಬಿಟ್ಟರು.

ನಮ್ಮ ಬೀದಿಯ ಥಿಯೇಟರಿಗೆ ಸಿನಿಮಾ ಬಂದಾಗ ನಾನೂ ಲಮ್ಲಿಯೂ ಹೋದೆವು. ಸತ್ತವನು ಎದ್ದು ಚಹಾ ಕೇಳಿದ್ದು ಅಲ್ಲಿ ಯಾರಿಗೂ ವಿಚಿತ್ರ ಅನಿಸಲಿಲ್ಲ. ಟ್ರೇ ಬಿದ್ದದ್ದೇ ತಡ, ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸೀಟಿನ ಮುದುಕಿ, "ಅಬ್ಬಾ, ಬಟ್ಲರ್ ಅಂದ್ಕೊಂಡಿದ್ನಲ್ಲೇ!" ಎಂದಳು. ಅದನ್ನು ಕೇಳಿ ನಾನು ಕತ್ತಲಲ್ಲಿ ಗಳಗಳ ಅತ್ತುಬಿಟ್ಟೆ.

ಲಮ್ಲಿ ತಲೆ ಸವರಿಕೊಳ್ಳುತ್ತಾ ಪಿಸುಗುಟ್ಟಿದ: "ಅವತ್ತು ನನ್ನ ಪಾಲಿನ ಚಹಾ ಕುಡಿದೋರು ಯಾರೇ, ವಿನ್ನಿ?"

ಕಣ್ಣೊರೆಸಿಕೊಂಡು, ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದ ಅದೇ ಧಾಟಿಯಲ್ಲಿ ಹೇಳಿದೆ: "ಹೌದು, ಕುಡಿದವಳು ನಾನೇ."